47ಕ್ಕೆ ಚಾಳೀಸು ಬಂತು. ಪ್ರೋಗ್ರೆಸಿವ್ ಹಾಕಿದ್ರೆ ನೆಲ ಅಲ್ಲಾಡತ್ತೆ, ಕನ್ನಡಿ ನೋಡಿದ್ರೆ ಹೆಡ್‌ಮೇಡಂ ಕಾಣ್ತಾರೆ. ಯಾವ ಕನ್ನಡಕ ತಗೊಳ್ಲಿ?

ತುಮಕೂರು_ಗಣಿತಟೀಚರ್:

ಎಲ್ರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ ಬೈಕೋಬೇಡಿ. ನಂಗೆ 47, ಹೈಸ್ಕೂಲಲ್ಲಿ ಗಣಿತ ಹೇಳಿಕೊಡ್ತೀನಿ. ಪಿಯುಸಿಯಿಂದ ಕನ್ನಡಕ ಇದೆ, ದೂರದ್ದು, ಮೈನಸ್ ಎರಡೂವರೆ ಹತ್ರ. ಇಷ್ಟು ವರ್ಷ ಏನೂ ತಲೆನೋವಿರ್ಲಿಲ್ಲ, ಬೆಳಗ್ಗೆ ಹಾಕ್ಕೊಂಡ್ರೆ ರಾತ್ರಿ ಮಲಗೋವಾಗ ತೆಗೆಯೋದು, ಮಧ್ಯೆ ಅದು ಮುಖದ ಮೇಲಿದೆ ಅನ್ನೋದೇ ನೆನಪಿರ್ತಿರ್ಲಿಲ್ಲ. ಹೋದ ವರ್ಷದಿಂದ ಶುರುವಾಯ್ತು ನೋಡಿ. ಮೊದ್ಲು ಅಕ್ಕಿ ಆರಿಸೋವಾಗ ಕಲ್ಲು ಕಾಣ್ತಿಲ್ಲ, ಆಮೇಲೆ ಮಾತ್ರೆ ಪಟ್ಟಿ ಹಿಂದಿನ ಡೇಟು ಓದೋಕಾಗ್ತಿಲ್ಲ, ಮೊಬೈಲ್ ಹಿಡ್ಕೊಂಡ್ರೆ ಕೈ ಉದ್ದ ಸಾಲ್ತಿಲ್ಲ. ಎಸ್ಸೆಸ್ಸೆಲ್ಸಿ ಮೌಲ್ಯಮಾಪನಕ್ಕೆ ಹೋದಾಗಂತೂ ನಾನೇ ಬರೆದ 3 ನಂಗೇ 8 ಥರ ಕಂಡು ಒಂದು ಪತ್ರಿಕೆ ಟೋಟಲ್ ಎರಡು ಸಲ ತಪ್ಪು ಕೂಡಿದೆ, ಗಣಿತದವಳಾಗಿ! ಪಕ್ಕದ ಟೇಬಲ್ ಮೇಡಂ ನೋಡಿ ನಕ್ಕು "ಬಂತಾ ಚಾಳೀಸು" ಅಂದ್ರು.

ಸರಿ ಅಂತ ದೊಡ್ಡ ಅಂಗಡಿಗೇ ಹೋದೆ (ಹೆಸರು ಬೇಡ). ಟೆಸ್ಟ್ ಮಾಡಿ ಬಲಗಣ್ಣು -2.50, ಎಡಗಣ್ಣು -2.75 ಜೊತೆಗೆ ಸಿಲಿಂಡರ್ (ಕಣ್ಣಿನ ವಕ್ರತೆ ಸರಿಮಾಡೋದು) -0.75, ಆ್ಯಡ್ (ಹತ್ರದ್ದು ಓದೋಕೆ ಸೇರಿಸೋ ಪವರ್) +1.75 ಅಂತ ಚೀಟಿ ಕೊಟ್ರು. ಪ್ರೋಗ್ರೆಸಿವ್ ತಗೊಳಿ ಮೇಡಂ, ದೂರ ಹತ್ರ ಎರಡೂ ಒಂದೇ ಲೆನ್ಸಲ್ಲಿ, ಬೈಫೋಕಲ್ ಥರ ಮಧ್ಯೆ ಗೆರೆ ಕಾಣಲ್ಲ, ವಯಸ್ಸು ಗೊತ್ತಾಗಲ್ಲ ಅಂದ್ರು. ಫ್ರೇಮು ಈಗ ದೊಡ್ಡದೇ ಫ್ಯಾಷನ್ನು ಅಂತ ಕಪ್ಪಂದು ದಪ್ಪಂದು ಒಂದು ಹಾಕಿಸಿದ್ರು, ಒಟ್ಟು 14,500 ಆಯ್ತು. ಮನೆಗೆ ಬಂದು ಹಾಕ್ಕೊಂಡ್ರೆ ಮಗಳು ಫಸ್ಟ್ ಮಾತು "ಅಮ್ಮ ಥೇಟ್ ಹೆಡ್‌ಮೇಡಂ ಥರ ಇದೀಯ" ಅಂದ್ಲು, ನಮ್ಮೆಜಮಾನ್ರು ಪೇಪರಿಂದ ತಲೆ ಎತ್ತದೆ ಚೆನ್ನಾಗಿದೆ ಅಂದ್ರು, ಅವರು ಯಾವುದಕ್ಕೂ ಹಂಗೇ ಅನ್ನೋದು ಬಿಡಿ.

ಮುಖ ಹಾಳಾಗ್ಲಿ, ಕಣ್ಣಿಗೂ ಸರಿ ಇಲ್ಲ. ಬೋರ್ಡ್ ಕಾಣತ್ತೆ, ಮಕ್ಕಳ ಮುಖ ಕಾಣತ್ತೆ, ಆದ್ರೆ ನೋಟ್‌ಬುಕ್ ನೋಡೋಕೆ ಗಲ್ಲ ಇಷ್ಟೆತ್ತರ ಎತ್ತಬೇಕು. ಪಕ್ಕಕ್ಕೆ ತಿರುಗಿದ್ರೆ ಬೆಂಚು ಬಾಗಿದ ಹಾಗೆ, ಮೆಟ್ಟಿಲು ಇಳಿಯೋವಾಗ ನೆಲ ಮೇಲೆ ಬಂದ ಹಾಗೆ. ಹೋದ ವಾರ ಸ್ಟಾಫ್ ರೂಮ್ ಮೆಟ್ಟಿಲಲ್ಲಿ ಕಾಲು ಜಾರಿ ಗೋಡೆ ಹಿಡ್ಕೊಂಡೆ. ಇದರ ಮೇಲೆ ನನ್ನ ಮೂಗು ಚಪ್ಪಟೆ, ಬೆವರಿದ್ರೆ ಸರ್ರಂತ ಜಾರತ್ತೆ, ಸೀಮೆಸುಣ್ಣದ ಕೈಯಲ್ಲೇ ತಳ್ಳಿ ತಳ್ಳಿ ಮೂಗೆಲ್ಲ ಬೆಳ್ಳಗೆ. ಅಂಗಡಿಗೆ ಫೋನ್ ಮಾಡಿದ್ರೆ ಅಭ್ಯಾಸ ಆಗತ್ತೆ ಮೇಡಂ ಅಂತಾರೆ, ಐದು ವಾರ ಆಯ್ತು.

ನನ್ನ ಪ್ರಶ್ನೆ ಮೂರು. ಇದು ನಿಜವಾಗ್ಲೂ ಅಭ್ಯಾಸ ಆಗತ್ತಾ? ಬೈಫೋಕಲ್ ತಗೊಂಡ್ರೆ ಅಜ್ಜಿ ಥರ ಕಾಣ್ತೀನಾ? ಅಗಲ ಮುಖ, ಚಪ್ಪಟೆ ಮೂಗು, ದಿನಾ ಸೀರೆ ಕುಂಕುಮ, ಕಿವಿ ಹತ್ರ ಸ್ವಲ್ಪ ನರೆತಿದೆ, ಇಂಥವಳಿಗೆ ಯಾವ ಫ್ರೇಮ್ ಒಪ್ಪತ್ತೆ?

—

ಮೈಸೂರು_ಲೆನ್ಸ್‌ಫಿಟ್ಟರ್:

ಮೇಡಂ, ನಾನು ಮೈಸೂರಲ್ಲಿ ಒಂದು ಸಣ್ಣ ಆಪ್ಟಿಕಲ್ಸ್‌ನಲ್ಲಿ 22 ವರ್ಷದಿಂದ ಲೆನ್ಸ್ ಕೂರಿಸೋ ಕೆಲಸ ಮಾಡ್ತಿದೀನಿ. ಅಭ್ಯಾಸ ಆಗೋಕೆ ಒಂದೆರಡು ವಾರ ಬೇಕಾಗತ್ತೆ ಅನ್ನೋದು ನಿಜ, ಆದ್ರೆ ಐದು ವಾರ ಆದ್ಮೇಲೂ ಗಲ್ಲ ಎತ್ತಬೇಕು ಅಂದ್ರೆ ಅದು ಅಭ್ಯಾಸದ ವಿಷ್ಯ ಅಲ್ಲ, ಅಳತೆ ವಿಷ್ಯ. ನಿಮ್ಮ ಪೋಸ್ಟಲ್ಲೇ ಉತ್ತರ ಇದೆ, ಜಾರತ್ತೆ ಅಂದ್ರಲ್ಲ ಅದೇ. ಜನ ಜಾರೋದನ್ನ ಸಣ್ಣ ಕಿರಿಕಿರಿ ಅನ್ಕೊತಾರೆ. ಸಿಂಗಲ್ ವಿಷನ್‌ಗೆ (ಪೂರ್ತಿ ಒಂದೇ ಪವರ್ ಇರೋದು) ಪರವಾಗಿಲ್ಲ, ಪ್ರೋಗ್ರೆಸಿವ್‌ಗೆ ಅದೇ ಎಲ್ಲ.

ಪ್ರೋಗ್ರೆಸಿವ್ ಲೆನ್ಸಲ್ಲಿ ಮೇಲಿಂದ ಕೆಳಗೆ ಪವರ್ ನಿಧಾನಕ್ಕೆ ಬದಲಾಗ್ತಾ ಹೋಗತ್ತೆ, ನೆಟ್ಟಗೆ ನೋಡೋ ಜಾಗದಿಂದ ಓದೋ ಜಾಗಕ್ಕೆ ಒಂದು ಕಿರಿದಾದ ಓಣಿ ಥರ ಇರತ್ತೆ, ನಾವು ಕಾರಿಡಾರ್ ಅಂತೀವಿ. ನಿಮ್ಮದು 14 ಮಿಲಿಮೀಟರ್ ಕಾರಿಡಾರ್ ಅನ್ಕೊಳಿ. ಫ್ರೇಮ್ ಮೂಗಿನ ಮೇಲೆ 3 ಮಿ.ಮೀ. ಜಾರಿದ್ರೆ ಓದೋ ಜಾಗ 17 ಮಿ.ಮೀ. ಕೆಳಗೆ ಹೋಯ್ತು. ಕಣ್ಣು ಅಷ್ಟು ಕೆಳಗೆ ಹೋಗಲ್ಲ, ಅದಕ್ಕೇ ಗಲ್ಲ ಮೇಲೆ ಬರತ್ತೆ. ಸಂಜೆ ಕತ್ತು ನೋವೂ ಇರಬೇಕಲ್ಲ?

ಮನೆಯಲ್ಲೇ ಒಂದು ಪರೀಕ್ಷೆ ಮಾಡಿ. ಕನ್ನಡಕದ ಮೇಲೆ ಬಾಯಿಂದ ಹಾ ಅಂತ ಊದಿ ಟ್ಯೂಬ್‌ಲೈಟ್ ಕೆಳಗೆ ಓರೆ ಮಾಡಿ ಹಿಡ್ಕೊಳಿ, ಒಂದೊಂದು ಲೆನ್ಸಲ್ಲೂ ಎರಡು ಪುಟಾಣಿ ಗುರುತು ಕಾಣತ್ತೆ, ದುಂಡಗೆ ಅಥವಾ ಕಂಪನಿ ಚಿಹ್ನೆ ಥರ, ಒಂದಕ್ಕೊಂದು 34 ಮಿ.ಮೀ. ದೂರ. ಕಿವಿ ಕಡೆ ಗುರುತಿನ ಕೆಳಗೆ 175 ಅಥವಾ 17 ಅಂತ ಸಣ್ಣದಾಗಿ ಕೆತ್ತಿರ್ತಾರೆ, ಅದು ನಿಮ್ಮ ಆ್ಯಡ್, ಅದಿಲ್ದೆ ಬೇರೆ ನಂಬರ್ ಇದ್ರೆ ಅಲ್ಲೇ ಹಿಡ್ಕೊಳಿ ಅವರನ್ನ. ಈಗ ಆ ಎರಡು ಗುರುತಿನ ಮಧ್ಯದಿಂದ ಸುಮಾರು 4 ಮಿ.ಮೀ. ಮೇಲೆ (ಕಂಪನಿಯಿಂದ ಕಂಪನಿಗೆ ವ್ಯತ್ಯಾಸ ಆಗತ್ತೆ) ಮಾರ್ಕರ್ ಪೆನ್ನಲ್ಲಿ ಚುಕ್ಕಿ ಇಡಿ, ಕನ್ನಡಕ ಹಾಕ್ಕೊಂಡು ನೆಟ್ಟಗೆ ನಿಂತ್ಕೊಂಡು ಮಗಳಿಗೆ ನಿಮ್ಮ ಕಣ್ಣೆತ್ತರದಿಂದ ಫೋಟೋ ತೆಗೆಯೋಕೆ ಹೇಳಿ. ಚುಕ್ಕಿ ಕಣ್ಣ ಪಾಪೆ ಮೇಲೆ ಕೂತ್ರೆ ಸರಿ. ಕೆಳಗಿದ್ರೆ ಫಿಟ್ಟಿಂಗ್ ತಪ್ಪು, ಆ ಫೋಟೋ ತೋರಿಸಿ, ಮಾತೇ ಬೇಡ.

ಇನ್ನೊಂದು ಲೆಕ್ಕ. ಫ್ರೇಮ್ ಕಡ್ಡಿ ಒಳಗಡೆ ಮೂರು ನಂಬರ್ ಇರತ್ತೆ ನೋಡಿ, ಲೆನ್ಸ್ ಅಗಲ, ಮೂಗಿನ ಸೇತುವೆ ಅಗಲ, ಕಡ್ಡಿ ಉದ್ದ. ನಿಮ್ಮದು ದೊಡ್ಡದು ಅಂದ್ರಿ, 56-16-145 ಹಂಗೆ ಇರಬಹುದು. 56 ಪ್ಲಸ್ 16 ಅಂದ್ರೆ 72. ನಿಮ್ಮ ಎರಡು ಪಾಪೆ ಮಧ್ಯದ ದೂರ 63 ಇದೆ ಅನ್ಕೊಂಡ್ರೆ 9 ಮಿ.ಮೀ. ವ್ಯತ್ಯಾಸ, ಅಂದ್ರೆ ಒಂದೊಂದು ಕಣ್ಣೂ ಲೆನ್ಸಿನ ನಡುವಿಂದ ನಾಲ್ಕೂವರೆ ಮಿ.ಮೀ. ಮೂಗಿನ ಕಡೆಗೆ ಸರಿದು ಕೂತಿದೆ. ಆಗ ಎರಡು ಆಗತ್ತೆ. ಒಂದು, ಮೈನಸ್ ಲೆನ್ಸು ಅಂಚಲ್ಲಿ ದಪ್ಪ, ಹೊರಗಡೆ ಅಂಚು ಜಾಸ್ತಿ ಉಳ್ಕೊಂಡು ಇನ್ನೂ ದಪ್ಪ, ಇನ್ನೂ ಭಾರ, ಇನ್ನೂ ಜಾರು. ಎರಡು, ಪ್ರೋಗ್ರೆಸಿವ್ ಅಂದ್ರೆ ಪಕ್ಕದಲ್ಲಿ ಕಲಸಿದ ಜಾಗ ಇದ್ದೇ ಇರತ್ತೆ, ಯಾವ ಕಂಪನಿ ಏನೇ ಹೇಳ್ಲಿ, ದೊಡ್ಡ ಫ್ರೇಮಲ್ಲಿ ಆ ಕಲಸಿದ ಜಾಗ ಜಾಸ್ತಿ ಕಣ್ಣಿಗೆ ಬೀಳತ್ತೆ. ಬೆಂಚು ಬಾಗಿದ್ದು ಅದರಿಂದಾನೇ. 48-18 ತಗೊಂಡ್ರೆ 66, ವ್ಯತ್ಯಾಸ ಬರೀ 3. ಎತ್ತರ ಮಾತ್ರ 30 ಮಿ.ಮೀ.ಗಿಂತ ಕಮ್ಮಿ ಬೇಡ, ತೀರಾ ಚಪ್ಪಟೆ ಫ್ರೇಮಾದ್ರೆ ಓದೋ ಭಾಗವೇ ಕತ್ತರಿಸಿ ಹೋಗತ್ತೆ. ಅಗಲ ಮುಖ ಅಂತ ದೊಡ್ಡ ಲೆನ್ಸ್ ಬೇಕಿಲ್ಲ, ಮುಂಭಾಗದ ಮೂಲೆ ಮತ್ತೆ ಕಡ್ಡಿ ಕೂಡೋ ಜಾಗ ಹೊರಗೆ ಚಾಚಿರೋ ಫ್ರೇಮ್ ಸಿಗತ್ತೆ, ಲೆನ್ಸ್ ಚಿಕ್ಕದು ಫ್ರೇಮ್ ಅಗಲ, ಹಂಗೆ ಕೇಳಿ.

ಮೂಗಿಗೆ ಹೇಳೋದಾದ್ರೆ ಶೀಟ್ ಫ್ರೇಮಲ್ಲಿ (ಆ ದಪ್ಪ ಪ್ಲಾಸ್ಟಿಕ್‌ದು) ಮೂಗಿನ ಜಾಗ ಅಚ್ಚು ಹಾಕಿದ ಹಾಗೆ ಬಂದಿರತ್ತೆ, ನಮ್ಮ ಕಡೆ ಮೂಗಿಗೆ ಅದು ಕೂರೋದು ಅಪರೂಪ. ಸಿಲಿಕಾನ್ ಪ್ಯಾಡ್ ಇರೋ, ತಂತಿ ಬಗ್ಗಿಸಿ ಸರಿ ಮಾಡೋಕಾಗೋ ಫ್ರೇಮ್ ತಗೊಳಿ. ಕಡ್ಡಿ ಬಾಗು ಕಿವಿಯ ಹಿಂದೆ ಸರಿಯಾಗಿ ಇಳಿದ್ರೆ ಅರ್ಧ ಜಾರೋದು ಅಲ್ಲೇ ನಿಲ್ಲತ್ತೆ, ಇದಕ್ಕೆ ದುಡ್ಡೇನೂ ಬೇಡ, ಬಿಸಿ ಮಾಡಿ ಬಗ್ಗಿಸಿದ್ರೆ ಆಯ್ತು, ಎರಡು ನಿಮಿಷದ ಕೆಲಸ.

ಆಮೇಲೆ ಗಣಿತದವರು ಅಂದ್ರಲ್ಲ, 100ನ್ನ 2.5ರಿಂದ ಭಾಗಿಸಿ. 40. ಅಂದ್ರೆ ಕನ್ನಡಕ ತೆಗೆದ್ರೆ ನಿಮ್ಮ ಕಣ್ಣು 40 ಸೆಂಟಿಮೀಟರ್ ದೂರಕ್ಕೆ ತಾನಾಗೇ ಫೋಕಸ್ ಆಗಿರತ್ತೆ. ಪೇಪರ್ ತಿದ್ದೋಕೆ ಬೇಕಾದ ದೂರ ಅದೇ! ಮೈನಸ್ ಇರೋರಿಗೆ ದೇವರು ಕೊಟ್ಟಿರೋ ಫ್ರೀ ರೀಡಿಂಗ್ ಗ್ಲಾಸು ಅದು. ಮೌಲ್ಯಮಾಪನಕ್ಕೆ ಕೂತಾಗ ಕನ್ನಡಕ ತೆಗೆದು ಪಕ್ಕಕ್ಕಿಡಿ, ಒಂದು ಸಲ ಮಾಡಿ ನೋಡಿ.

—

ಬೈಕ್‌ಸವಾರ_ಹಾಸನ:

ಇಷ್ಟೆಲ್ಲಾ ಯಾಕೆ, ಲೇಸರ್ ಮಾಡಿಸ್ಕೊಂಡು ಬಿಡಿ, ಕನ್ನಡಕದ ಸಹವಾಸವೇ ಬೇಡ.

—

ಮೈಸೂರು_ಲೆನ್ಸ್‌ಫಿಟ್ಟರ್:

ಸರ್, ಲೇಸರ್ ಮಾಡಿಸಿ ದೂರದ್ದು ಸೊನ್ನೆ ಮಾಡಿದ್ರೆ ಮೇಡಂಗೆ ಈಗ ಬರೀ ಕಣ್ಣಲ್ಲಿ ಕಾಣ್ತಿರೋ ನೋಟ್‌ಬುಕ್ಕೂ ಕಾಣಲ್ಲ. ಚಾಳೀಸು ಅನ್ನೋದು ಕಣ್ಣೊಳಗಿನ ಲೆನ್ಸು ಗಟ್ಟಿಯಾಗಿ ಉಬ್ಬೋಕಾಗದೆ ಬರೋದು, ಆ ಲೇಸರ್ ತಿದ್ದೋದು ಮುಂದಿನ ಕಾರ್ನಿಯಾ, ಅಂದ್ರೆ ಕಣ್ಣಿನ ಮುಂಭಾಗದ ಪಾರದರ್ಶಕ ಪದರ. ಒಂದು ಕಣ್ಣು ದೂರಕ್ಕೆ ಇನ್ನೊಂದು ಹತ್ರಕ್ಕೆ ಅಂತ ಮಾಡೋದಿದೆ, ಅದೆಲ್ಲ ಡಾಕ್ಟ್ರ ಹತ್ರ ಕೂತು ಮಾತಾಡೋ ವಿಷ್ಯ, ಇಲ್ಲಿ ಬೇಡ.

—

ಹುಬ್ಬಳ್ಳಿ_ಟೇಲರ್:

ಅಕ್ಕಾರ ನಮಸ್ಕಾರ್ರಿ. ನಾ ಹುಬ್ಬಳ್ಯಾಗ ಬ್ಲೌಸ್ ಹೊಲಿತೀನ್ರಿ, ವಯಸ್ಸು 54. ಬೈಫೋಕಲ್ ಹಾಕ್ಕೊಂಡ್ರ ಅಜ್ಜಿ ಹಂಗ ಕಾಣ್ತೀನೇನು ಅಂತ ಕೇಳೀರಿ, ಅದಕ್ಕ ಬರ್ಯಾಕತ್ತೀನಿ. ನಮಗ 43ಕ್ಕ ಸೂಜ್ಯಾಗ ದಾರ ಪೋಣಿಸೂದ ಆಗಲಿಲ್ರಿ, ಸಣ್ಣ ಹುಡುಗೂರನ್ನ ಕರದು ಪೋಣಿಸ್ಕೊಳ್ಳೂದು, ನಾಚಿಕಿ ಬರ್ತಿತ್ತು. ಮದಲ ರಸ್ತೆ ಮ್ಯಾಲ ಮಾರತಾರಲ್ಲ ನೂರೈವತ್ತು ರೂಪಾಯಿದು, ಅದನ್ನ ತಂದೆ. ಸುಳ್ಳ ಯಾಕ ಹೇಳ್ಲಿ, ಆರು ತಿಂಗಳು ಭಾಳ ಚಲೋ ನಡೀತು. ಆದ್ರ ಅದರಾಗ ಎರಡೂ ಕಣ್ಣಿಗೂ ಒಂದ ನಂಬರ, ನಂದು ಎರಡು ಕಣ್ಣು ಬ್ಯಾರೆ ಬ್ಯಾರೆ, ಸಂಜಿಗೆ ತಲಿ ಹಿಡಕೊಂಡು ಕೂಡ್ತಿದ್ದೆ.

ಆಮ್ಯಾಲ ಮಗ ಪ್ರೋಗ್ರೆಸಿವ್ ಕೊಡಸಿದ. ಅದು ನಮ್ಮ ಕೆಲಸಕ್ಕ ಬರಂಗಿಲ್ರಿ. ಒಂದು ತೋಳು ಕಟ್ ಮಾಡ್ಬೇಕಂದ್ರ ಅರಬಿ ಈ ತುದಿಯಿಂದ ಆ ತುದಿತನಾ ಒಂದ ಸಲಕ್ಕ ಕಾಣಬೇಕು, ಅದರಾಗ ಓದೂ ಜಾಗ ಇಷ್ಟ ಇಷ್ಟ, ನಾ ಕಣ್ಣು ತಿರಗಿಸಿದ್ರ ಗೆರಿ ಸೊಟ್ಟ ಕಾಣ್ತಿತ್ತು, ಒಂದು ಬ್ಲೌಸ್ ಪೀಸ್ ಹಾಳಾತು. ಗಿರಾಕಿ ರೇಷ್ಮಿ ಸೀರಿದು, ಕೈಯಿಂದ ಕೊಟ್ಟೆ. ಈಗ ಡಿ ಬೈಫೋಕಲ್ ಹಾಕೀನಿ, ಕೆಳಗ ಅರ್ಧಚಂದ್ರ ಇರ್ತದಲ್ಲ ಅದು. ಮಂದಿ ಮುಖ ನೋಡೂದು ಮ್ಯಾಲಿನದಾಗ, ಸೂಜಿ ನೋಡೂದು ಕೆಳಗಿನದಾಗ. ಹತ್ತು ವರ್ಷ ಆತು, ಯಾವ ಗಿರಾಕಿನೂ ನಿಮ್ಮ ಕನ್ನಡಕದಾಗ ಗೆರಿ ಅದ ಅಂತ ಹೇಳಿಲ್ಲ, ಅವರ ಕಣ್ಣು ಕನ್ನಡ್ಯಾಗ ಅವರ ಬ್ಲೌಸ್ ಮ್ಯಾಲ ಇರ್ತದ.

ಮತ್ತ ಅಜ್ಜಿ ಕನ್ನಡಕ ಅಂದ್ರ ಏನು ಅಂತ ನಾ ನೋಡೀನ್ರಿ. ನಮ್ಮ ಅಜ್ಜಿಗೆ ಡಾಕ್ಟರ್ ಎಂ.ಸಿ. ಮೋದಿ ಅವರ ಕ್ಯಾಂಪಿನ್ಯಾಗ ಪೊರಿ ತಗದಿದ್ರು. ಆಗ ಒಳಗ ಲೆನ್ಸ್ ಹಾಕೂದಿರಲಿಲ್ಲ, ಪೊರಿ ತಗದು ಹತ್ತು ಪಾಯಿಂಟಿನ ದಪ್ಪ ಕನ್ನಡಕ ಕೊಡ್ತಿದ್ರು, ಅದನ್ನ ಹಾಕ್ಕೊಂಡ್ರ ಅಜ್ಜಿ ಕಣ್ಣು ಲಿಂಬಿಹಣ್ಣಿನಷ್ಟು ದೊಡ್ಡ ಕಾಣ್ತಿದ್ವು, ನಾವು ಹುಡುಗೂರು ಹೆದರತಿದ್ವಿ. ಆಕಿ ಮಾತ್ರ ಆ ಕನ್ನಡಕ ಬಂದ ದಿನ ಓಣಿ ತುಂಬ ತಿರಗ್ಯಾಡಿ ಎಲ್ಲಾರ ಮಾರಿ ನೋಡಿ ಬಂದ್ಲು. ನಿಮ್ಮ ಎರಡೂವರಿ ಯಾವ ಲೆಕ್ಕರಿ ಅಕ್ಕಾ.

—

ಜಯನಗರ_ಬಿಳಿಕೂದಲು:

ಫಿಟ್ಟರ್ ಅವರು ಕಣ್ಣಿಂದು ಹೇಳಿದ್ರು, ಮುಖದ್ದು ನಾನು ಹೇಳ್ತೀನಿ. ನಂಗೆ 52, ಬ್ಯಾಂಕಲ್ಲಿದೀನಿ, ಎರಡು ವರ್ಷದ ಹಿಂದೆ ಡೈ ನಿಲ್ಲಿಸಿದೆ, ಆಗ ಗೊತ್ತಾಯ್ತು ಕೂದಲಿನ ಬಣ್ಣ ಬದಲಾದ್ರೆ ಕನ್ನಡಕದ ಬಣ್ಣನೂ ಬದಲಾಗಬೇಕು ಅಂತ. ಕೂದಲು ಕಪ್ಪಗಿದ್ದಾಗ ಕಪ್ಪು ಫ್ರೇಮ್ ಹೊಂದ್ಕೊಂಡು ಹೋಗತ್ತೆ, ನರೆತ ಮೇಲೆ ಮುಖದಲ್ಲಿ ಅದೊಂದೇ ಕಪ್ಪು ಉಳಿಯತ್ತೆ, ಎದುರಿಗಿರೋರು ನಿಮ್ಮನ್ನ ನೋಡಲ್ಲ ಫ್ರೇಮನ್ನ ನೋಡ್ತಾರೆ. ಹೆಡ್‌ಮೇಡಂ ಬರೋದು ಅಲ್ಲಿಂದಲೇ. ನಾನೀಗ ಹಾಕ್ತಿರೋದು ಜೇನಿನ ಬಣ್ಣದ್ದು, ಬೆಳಕಿಗೆ ಹಿಡಿದ್ರೆ ಸ್ವಲ್ಪ ಆರಪಾರ ಕಾಣೋ ಥರದ್ದು. ನಮ್ಮ ಗೋಧಿ ಬಣ್ಣಕ್ಕೆ ಜೇನು, ಕಾಫಿ, ಮಾಸಲು ಕೆಂಪು, ಬದನೆಕಾಯಿ ಬಣ್ಣ ಇವೆಲ್ಲ ಚೆನ್ನಾಗಿರತ್ತೆ, ಬೂದು ಬಣ್ಣ ನಂಗಂತೂ ಜ್ವರ ಬಂದೋಳ ಥರ ಮಾಡ್ತು.

ಮುಖ ದುಂಡಗಿದ್ರೆ ಚೌಕ, ಚೌಕ ಇದ್ರೆ ದುಂಡು ಅಂತ ಚಾರ್ಟ್ ತೋರಿಸ್ತಾರಲ್ಲ, ಅದನ್ನ ಜಾಸ್ತಿ ತಲೆಗೆ ಹಚ್ಕೋಬೇಡಿ. ನಮ್ಮ ವಯಸ್ಸಿಗೆ ನೋಡಬೇಕಾದ್ದು ಹುಬ್ಬು ಮತ್ತೆ ಕಣ್ಣ ಕೆಳಗಿನ ಚೀಲ. ಫ್ರೇಮಿನ ಮೇಲಂಚು ಹುಬ್ಬಿನ ಇಳಿಜಾರಿನ ಜೊತೆಗೇ ಹೋಗಬೇಕು, ಹುಬ್ಬು ಅದರ ಮೇಲೆ ಅಥವಾ ಅದರಲ್ಲೇ ಮುಚ್ಚಿರ್ಲಿ, ಹುಬ್ಬು ಲೆನ್ಸಿನೊಳಗೆ ಬಂದ್ರೆ ಯಾವಾಗ್ಲೂ ಏನೋ ಆಶ್ಚರ್ಯ ಆದೋರ ಥರ ಕಾಣ್ತೀವಿ. ಕೆಳಗಿನ ಅಂಚು ಸರಿಯಾಗಿ ಆ ಚೀಲದ ಮೇಲೆ ಬಂದ್ರೆ ಅದು ಮುಚ್ಚಿಹೋಗತ್ತೆ, ಚೀಲದ ಕೆಳಗೆ ಬಂದ್ರೆ ಚೌಕಟ್ಟು ಹಾಕಿ ತೋರಿಸಿದ ಹಾಗೆ. ಹೊರಗಿನ ಮೂಲೆ ಒಂಚೂರು ಮೇಲೆದ್ದಿರೋದು ಒಳ್ಳೇದು, ಜೋತುಬಿದ್ದಿರೋ ಏವಿಯೇಟರ್ ಶೇಪು ನಮ್ಮನ್ನೂ ಜೋಲು ಮುಖ ಮಾಡತ್ತೆ. ಕುಂಕುಮ ಇಡೋರು ಸೇತುವೆ ತೀರಾ ದಪ್ಪ ಇರೋದು, ಎರಡು ಕಂಬಿ ಇರೋದು ತಗೋಬೇಡಿ, ಹಣೆ ಮಧ್ಯೆ ಜನಜಂಗುಳಿ ಆಗತ್ತೆ.

ಈಗ ದೊಡ್ಡ ಮೋಸ ಎಲ್ಲಾಗತ್ತೆ ಹೇಳ್ತೀನಿ. ಅಂಗಡಿಯಲ್ಲಿ ಟ್ರೈ ಮಾಡೋ ಫ್ರೇಮಲ್ಲಿ ಬರೀ ಡಮ್ಮಿ ಗಾಜು, ಪವರ್ ಇರಲ್ಲ. ನಮ್ಮಂಥ ಮೈನಸ್‌ನೋರಿಗೆ ಕನ್ನಡಿಯಲ್ಲಿ ನಮ್ಮ ಮುಖವೇ ಮಸುಕು! ಮಸುಕಲ್ಲಿ ಎಲ್ರೂ ಸುಂದರಿಯರೇ, ಸೇಲ್ಸ್ ಹುಡುಗ ಸೂಪರ್ ಮೇಡಂ ಅಂತಾನೆ, ನಾವು ಹೂಂ ಅಂತೀವಿ. ಅದಕ್ಕೆ ಜೊತೆಗೆ ಯಾರಾದ್ರೂ ಬಾಯಿ ಬಿಟ್ಟು ಹೇಳೋರನ್ನ ಕರ್ಕೊಂಡು ಹೋಗಿ, ನಿಮಗಾದ್ರೆ ಮಗಳು (ಯಜಮಾನ್ರು ಬೇಡ ಬಿಡಿ). ಒಂದೊಂದು ಫ್ರೇಮಲ್ಲೂ ಆರಡಿ ದೂರದಿಂದ ಫೋಟೋ ತೆಗೆಸಿ, ಹಳೇ ಕನ್ನಡಕ ಹಾಕ್ಕೊಂಡು ನಿಧಾನಕ್ಕೆ ನೋಡಿ. ಸೆಲ್ಫಿ ಬೇಡ, ಹತ್ರದಿಂದ ತೆಗೆದ್ರೆ ಮೂಗು ದೊಡ್ಡದಾಗಿ ಕಿವಿ ಮಾಯ ಆಗತ್ತೆ. ಹೋಗೋವಾಗ ದಿನಾ ಉಡೋ ಥರದ್ದೇ ಸೀರೆ ಉಟ್ಕೊಂಡು, ಕುಂಕುಮ ಓಲೆ ಎಲ್ಲ ಹಾಕ್ಕೊಂಡು ಹೋಗಿ. ನಾನು ಒಂದು ಸಲ ಭಾನುವಾರ ಚೂಡಿದಾರದಲ್ಲಿ ತಲೆಗೆ ಕ್ಲಿಪ್ ಹಾಕ್ಕೊಂಡು ಹೋಗಿ ಆರಿಸಿದ್ದು ಸೋಮವಾರ ಕಾಟನ್ ಸೀರೆಗೆ ಅಪರಿಚಿತರ ಥರ ಕೂತಿತ್ತು.

ಕೊನೆಗೆ ಹಲ್ಲು ಬಿಟ್ಟು ನಗಿ. ನಕ್ಕಾಗ ಕೆನ್ನೆ ಮೇಲೆ ಬಂದು ಫ್ರೇಮನ್ನ ಎತ್ತಿದ್ರೆ ಅದು ನಿಮ್ಮದಲ್ಲ, ದಿನಕ್ಕೆರಡು ಸಲ ಲೆನ್ಸ್ ಕೆಳಗೆ ಕೆನ್ನೆ ಎಣ್ಣೆ ಒರೆಸಬೇಕಾಗತ್ತೆ. ಆಮೇಲೆ ರಂಗೋಲಿ ಹಾಕೋ ಥರ ಬಗ್ಗಿ ಜಾರತ್ತಾ ನೋಡಿ, ನಾನು ಅಂಗಡಿಯಲ್ಲೇ ಬಗ್ಗಿದೆ, ಸೇಲ್ಸ್ ಹುಡುಗ ಏನೋ ಬಿದ್ದೋಯ್ತು ಅಂತ ಅವನೂ ಬಗ್ಗಿ ಹುಡುಕ್ತಿದ್ದ.

—

ಉಡುಪಿ_ಸೆಕೆ:

ಬೆವರಿನ ವಿಷಯ ಬಂದ್ರೆ ನಾವು ಮಾತಾಡದೆ ಹೇಗೆ ಮಾರಾಯ್ರೆ. ಇಲ್ಲಿ ಏಪ್ರಿಲ್ ಮೇಯಲ್ಲಿ ಕನ್ನಡಕ ಮೂಗಿನಲ್ಲಿ ನಿಲ್ಲುದು ಒಂದು ಸರ್ಕಸ್ಸು. ನನ್ನದು ಮೊದಲು ಕಡಿಮೆ ರೇಟಿನ ಮೆಟಲ್ ಫ್ರೇಮ್ ಇತ್ತು, ಆರು ತಿಂಗಳಾಗುವಾಗ ಪ್ಯಾಡಿನ ಬುಡದಲ್ಲಿ ಹಸಿರು ಪಾಚಿಯ ಹಾಗೆ ಎಂತದೋ ಕಟ್ಟಿತು, ಮೂಗಿನ ಎರಡು ಬದಿಯಲ್ಲಿ ತುರಿಕೆ. ಕೇಳಿದ್ರೆ ಅದರಲ್ಲಿ ನಿಕ್ಕಲ್ಲು ತಾಮ್ರ ಎಲ್ಲ ಉಂಟಂತೆ, ಬೆವರಿನ ಉಪ್ಪಿಗೆ ಹಾಗೆ ಆಗುದಂತೆ. ಈಗ ಟೈಟಾನಿಯಂ ತೆಗೊಂಡೆ, ರೇಟು ಜಾಸ್ತಿ ಆದ್ರೆ ನಾಲ್ಕು ವರ್ಷ ಆಯ್ತು ಎಂತ ಆಗಲಿಲ್ಲ, ಹಗುರ ಬೇರೆ. ಅಷ್ಟು ಬೇಡ ಅಂದ್ರೆ ಟಿಆರ್-90 ಅಂತ ಬಗ್ಗುವ ಪ್ಲಾಸ್ಟಿಕ್ ಉಂಟು, ಅದೂ ಹಗುರ, ಆದ್ರೆ ಅದನ್ನು ಬಿಸಿ ಮಾಡಿ ಬಗ್ಗಿಸಿ ಸರಿ ಮಾಡುದು ಕಷ್ಟ, ಹಾಗಾಗಿ ತೆಗೊಳ್ಳುವಾಗಲೇ ಸರಿ ಕೂರಬೇಕು.

ರಿಮ್‌ಲೆಸ್ ಮುಖಕ್ಕೆ ಚಂದ ಕಾಣ್ತದೆ, ಒಪ್ತೇನೆ, ಆದ್ರೆ ಸ್ಕೂಟರಿನಲ್ಲಿ ಹೋಗುವವರಿಗೆ ಬೇಡ. ಹೆಲ್ಮೆಟ್ ಹಾಕಿ ತೆಗೆದು ಮಾಡುವಾಗ ಸ್ಕ್ರೂ ಸಡಿಲ ಆಗಿ ಲೆನ್ಸಿನ ತೂತಿನ ಹತ್ತಿರ ಬಿರುಕು ಬಿಡ್ತದೆ, ನಂದು ಎರಡು ಸಲ ಹೋಯ್ತು. ಕಡ್ಡಿ ತೆಳು ಮತ್ತೆ ನೇರ ಇರ್ಲಿ, ಅಗಲ ಕಡ್ಡಿ ಹೆಲ್ಮೆಟ್ಟಿನ ಒಳಗೆ ಕಿವಿಯ ಮೇಲೆ ಒತ್ತಿ ತಲೆ ಸಿಡಿತದೆ. ಬಿಸಿಲಿಗೆ ಕಪ್ಪಾಗುವ ಲೆನ್ಸ್ ಹಾಕಿಸಿ ಅಂತ ಹೇಳ್ತಾರೆ, ಸ್ಕೂಟರಿಗೆ ಒಳ್ಳೇದೇ, ಕಾರಿಗೆ ಅಂತ ತೆಗೊಂಡ್ರೆ ಮಾತ್ರ ದಂಡ, ಕಾರಿನ ಮುಂದಿನ ಗಾಜು ಯುವಿ ತಡಿತದೆ, ಒಳಗೆ ಅದು ಸರಿ ಕಪ್ಪಾಗುದೇ ಇಲ್ಲ. ಬ್ಲೂ ಕಟ್‌ಗೆ (ನೀಲಿ ಬೆಳಕು ತಡಿಯುವ ಲೆನ್ಸ್) ಎಕ್ಸ್‌ಟ್ರಾ ಕೊಡ್ಬೇಡಿ. 2023ರಲ್ಲಿ ಕಾಕ್ರೇನ್ ಅಂತ ವೈದ್ಯಕೀಯ ಸಂಶೋಧನೆಗಳನ್ನು ಒಟ್ಟು ಮಾಡಿ ಪರಿಶೀಲಿಸುವ ಸಂಸ್ಥೆಯವರು 17 ಟ್ರಯಲ್ ಒಟ್ಟಿಗೆ ಹಾಕಿ ನೋಡಿದ್ದಾರೆ, ಕಂಪ್ಯೂಟರ್ ನೋಡುವಾಗ ಆಗುವ ಕಣ್ಣಿನ ಆಯಾಸಕ್ಕೆ ಅದರಿಂದ ಸದ್ಯಕ್ಕೆ ಪ್ರಯೋಜನ ಕಾಣ್ಲಿಲ್ಲ. ಆ ದುಡ್ಡಿಗೆ ಒಳ್ಳೆ ಆ್ಯಂಟಿ ರಿಫ್ಲೆಕ್ಷನ್ ಕೋಟಿಂಗ್ ಹಾಕಿಸಿ, ರಾತ್ರಿ ಎದುರಿನ ಲೈಟು ಒಡೆದು ಕಾಣುದು ಕಮ್ಮಿ ಆಗ್ತದೆ, ಫೋಟೋದಲ್ಲಿ ಕಣ್ಣೂ ಕಾಣ್ತದೆ.

ಮತ್ತೆ ಬಿಲ್ಲು ನೋಡಿ. 2025ರ ಸೆಪ್ಟೆಂಬರ್ 22ರಿಂದ ಪವರ್ ಕನ್ನಡಕದ ಜಿಎಸ್‌ಟಿ 12ರಿಂದ 5 ಪರ್ಸೆಂಟಿಗೆ ಇಳಿದಿದೆ.

—

ಶಿವಮೊಗ್ಗ_ಅಮ್ಮ:

ಟೀಚರ್, ಶುಗರ್ ಟೆಸ್ಟ್ ಆಗಿದ್ಯಾ? ನಂಗೆ ಒಂದೇ ವರ್ಷದಲ್ಲಿ ಮೂರು ಸಲ ನಂಬರ್ ಬದಲಾಯ್ತು, ಮೂರು ಸಲವೂ ಹೊಸ ಲೆನ್ಸಿಗೆ ದುಡ್ಡು ಸುರಿದೆ, ಆಮೇಲೆ ನೋಡಿದ್ರೆ ಶುಗರ್ ಏರಿಳಿತಕ್ಕೆ ಕಣ್ಣಿನ ನಂಬರ್ರೂ ಏರಿಳೀತಿತ್ತು. ಶುಗರ್ ಹತೋಟಿಗೆ ಬಂದ್ಮೇಲೆ ಟೆಸ್ಟ್ ಮಾಡಿಸಿದ ನಂಬರ್ರೇ ನಿಂತಿದ್ದು. ನಲವತ್ತು ದಾಟಿದ್ಮೇಲೆ ಅಂಗಡಿ ಕಂಪ್ಯೂಟರ್ ಟೆಸ್ಟ್ ಒಂದೇ ಸಾಲಲ್ಲ, ಕಣ್ಣಾಸ್ಪತ್ರೆಗೆ ಹೋಗಿ ಪ್ರೆಶರ್ ನೋಡಿಸಿ, ಡ್ರಾಪ್ಸ್ ಹಾಕಿ ಒಳಗಡೆ ನರವನ್ನೂ ನೋಡಿಸಿ. ಗ್ಲಾಕೋಮಾ (ಕಣ್ಣಿನ ನರ ಹಾಳು ಮಾಡೋ ಕಾಯಿಲೆ) ಬಂದ್ರೆ ಸಾಮಾನ್ಯವಾಗಿ ನೋವೇ ಇರಲ್ಲ, ನಮ್ಮತ್ತೆಗೆ ಗೊತ್ತಾಗೋವಾಗ ಪಕ್ಕದ ನೋಟ ಅರ್ಧ ಹೋಗಿತ್ತು.

—

ತುಮಕೂರು_ಗಣಿತಟೀಚರ್:

ಅಬ್ಬಾ ಇಷ್ಟೆಲ್ಲ ಬರೀತೀರ ಅನ್ಕೊಂಡಿರ್ಲಿಲ್ಲ, ಎಲ್ರಿಗೂ ಥ್ಯಾಂಕ್ಸ್. ಮೂರು ವಾರ ಆಯ್ತು, ಏನೇನಾಯ್ತು ಹೇಳ್ತೀನಿ.

ಮೊದ್ಲು ಆ ಹಾ ಅಂತ ಊದೋ ಪರೀಕ್ಷೆ. ರಾತ್ರಿ ಊಟ ಆದ್ಮೇಲೆ ನಾನು ಮಗಳು ಟ್ಯೂಬ್‌ಲೈಟ್ ಕೆಳಗೆ ಕೂತು ಊದಿದ್ದೇ ಊದಿದ್ದು, ಗುರುತು ಆವಿ ಹಾರೋವರೆಗೆ ಕಾಣತ್ತೆ ಆಮೇಲೆ ಮಾಯ, ಕೊನೆಗೆ ಸಿಕ್ತು. ಆ್ಯಡ್ ಸರಿ ಇತ್ತು. ಚುಕ್ಕಿ ಇಟ್ಟು ಫೋಟೋ ತೆಗೆದ್ರೆ ಚುಕ್ಕಿ ಪಾಪೆಯಲ್ಲಿಲ್ಲ, ಕೆಳಗಿನ ರೆಪ್ಪೆ ಹತ್ರ ಇದೆ. ಸ್ಕೇಲ್ ಇಟ್ಟು ಅಳೆದೆ, 5 ಮಿ.ಮೀ. ಕೆಳಗೆ! ಫ್ರೇಮ್ ನಂಬರ್ 55-17. ಫೋಟೋ ತಗೊಂಡು ಅಂಗಡಿಗೆ ಹೋದ್ರೆ ಮೊದಲು ಹುಡುಗ ಅದೇ ಅಭ್ಯಾಸದ ರಾಗ ತೆಗೆದ, ಚುಕ್ಕಿ ತೋರಿಸಿದ್ಮೇಲೆ ಮ್ಯಾನೇಜರ್ ಬಂದ್ರು, ಇಪ್ಪತ್ತು ನಿಮಿಷ ಹಗ್ಗಜಗ್ಗಾಟ ಆಗಿ ಲೆನ್ಸ್ ಅವರ ಖರ್ಚಲ್ಲಿ ಬೇರೆ ಮಾಡಿಕೊಡ್ತೀವಿ, ಫ್ರೇಮ್ ಮಾತ್ರ ನೀವು ತಗೊಳಿ ಅಂದ್ರು. ಈ ಸಲ ಮೂಗಿನ ಮಧ್ಯದಿಂದ ಪಾಪೆವರೆಗೆ ಒಂದೊಂದು ಕಣ್ಣಿಗೂ ಬೇರೆ ಬೇರೆ ಅಳತೆ ತಗೊಂಡ್ರು, ಬಲಗಡೆ 31, ಎಡಗಡೆ 32. ಹಿಂದೆ ಒಟ್ಟಿಗೆ ಒಂದೇ ಸಲ ನೋಡಿ ಬರ್ಕೊಂಡಿದ್ರು ಅನ್ನೋದು ಈಗ ನೆನಪಾಯ್ತು.

ಫ್ರೇಮ್ ಆರಿಸೋಕೆ ಮಗಳನ್ನ ಕರ್ಕೊಂಡು ಹೋದೆ, ಸ್ಕೂಲ್ ಸೀರೆಯಲ್ಲೇ. ಹದಿನಾಲ್ಕು ಫೋಟೋ. ಹಲ್ಲು ಬಿಟ್ಟಿದ್ದು ಆಯ್ತು, ರಂಗೋಲಿನೂ ಆಯ್ತು, ಪಕ್ಕದಲ್ಲಿದ್ದ ಒಬ್ರು ಮೇಡಂ ಏನ್ಮಾಡ್ತಿದೀರ ಅಂತ ಕೇಳಿ ಅವರೂ ಬಗ್ಗಿ ನೋಡಿದ್ರು. 49-18ರದ್ದು, ಕಾಫಿ ಬಣ್ಣ, ಮೇಲಂಚು ಮಾತ್ರ ಸ್ವಲ್ಪ ಗಾಢ, ಸಿಲಿಕಾನ್ ಪ್ಯಾಡ್. ಜೇನಿನ ಬಣ್ಣ ಆಸೆ ಇತ್ತು, ನನ್ನ ಬಣ್ಣಕ್ಕೆ ಅದು ಹಳದಿ ಹಳದಿ ಆಗೋಯ್ತು. ಶುಗರ್ ಮಾಡಿಸಿದೆ, ಸದ್ಯಕ್ಕೇನಿಲ್ಲ. ಕಣ್ಣಿನ ಪ್ರೆಶರ್ ರಜಾದಲ್ಲಿ ಮಾಡಿಸ್ತೀನಿ.

ಹೊಸದು ಹಾಕಿ ಒಂಬತ್ತು ದಿನ. ಮೆಟ್ಟಿಲು ಇಳಿಯೋವಾಗ ಈಗಲೂ ತಲೆ ಪೂರ್ತಿ ಬಗ್ಗಿಸಿ ಮೇಲಿನ ಭಾಗದಲ್ಲೇ ನೋಡಬೇಕು, ಕಣ್ಣೊಂದನ್ನೇ ಇಳಿಸಿದ್ರೆ ಎಡವತೀನಿ. ಪಕ್ಕಕ್ಕೆ ನೋಡೋಕೆ ಮೂಗನ್ನೇ ತಿರುಗಿಸೋದು ಅಭ್ಯಾಸ ಆಗ್ತಿದೆ, ಹಿಂದಿನ ಬೆಂಚಿನ ಹುಡುಗ್ರಿಗೆ ಇದರಿಂದ ನಷ್ಟ, ಮೊದ್ಲೆಲ್ಲ ಓರೆಗಣ್ಣಲ್ಲಿ ನೋಡ್ತಿದ್ದೆ ಈಗ ಪೂರ್ತಿ ತಿರುಗ್ತೀನಿ. ಗಲ್ಲ ಎತ್ತೋದು ನಿಂತಿದೆ. ನೋಟ್‌ಬುಕ್ ತಿದ್ದೋವಾಗ ಮಾತ್ರ ಫಿಟ್ಟರ್ ಅವರು ಹೇಳಿದ ಹಾಗೆ ತೆಗೆದಿಟ್ಟು ಬರೀ ಕಣ್ಣಲ್ಲೇ ತಿದ್ದತೀನಿ, ಇದು ಗೊತ್ತಿದ್ದಿದ್ರೆ ಏಪ್ರಿಲ್‌ನಲ್ಲಿ ಆ 3-8 ರಾಮಾಯಣ ಇರ್ತಿರ್ಲಿಲ್ಲ. ಮಗಳು ಈಗ ಹೆಡ್‌ಮೇಡಂ ಅಂತಿಲ್ಲ, "ಪರವಾಗಿಲ್ಲ" ಅಂದ್ಲು, ಅವಳ ಬಾಯಲ್ಲಿ ಅದು ಡಿಸ್ಟಿಂಕ್ಷನ್.

—

ಹುಬ್ಬಳ್ಳಿ_ಟೇಲರ್:

ಚಲೋ ಆತ್ರಿ ಅಕ್ಕಾ. ಆ ದೊಡ್ಡ ಕಪ್ಪು ಫ್ರೇಮ್ ಏನ್ ಮಾಡಿದ್ರಿ? ಒಗದಬಿಟ್ರೇನು?

—

ತುಮಕೂರು_ಗಣಿತಟೀಚರ್:

ಅಯ್ಯೋ ಒಗೆಯೋದೆಲ್ಲಿಂದ ಬಂತು ಅಣ್ಣ, ಅದಕ್ಕೆ ಬರೀ ದೂರದ ನಂಬರ್ ಹಾಕಿಸಿದೆ, ಒಂಬೈನೂರು ಆಯ್ತು. ಸ್ಕೂಟಿಗೂ ಟಿವಿಗೂ ಅದೇ. ಹೆಲ್ಮೆಟ್ ಒಳಗೆ ಹೆಡ್‌ಮೇಡಂ ಯಾರಿಗೂ ಕಾಣಲ್ಲ.